ಹಳಗನ್ನಡ ಪಠ್ಯ ಮತ್ತು ಓದುವ ತಂತ್ರಾಂಶ: ದೃಷ್ಟಿಹೀನ ವಿದ್ಯಾರ್ಥಿಗಳ ತರಗತಿ ಕಲಿಕೆಯ ಕೆಲವು ಪ್ರಶ್ನೆಗಳು

ಕನ್ನಡ ಎಂ.ಎ. ತರಗತಿಗಳಿಗೆ ದೃಷ್ಟಿಹೀನ ವಿದ್ಯಾರ್ಥಿಗಳು ಹೊಸಬರಲ್ಲ. ಆದರೆ ಅವರ ಕಲಿಕೆಯನ್ನು ಕುರಿತ ನಮ್ಮ ಮಾತುಗಳು ಬಹುಮಟ್ಟಿಗೆ ಅನುಕಂಪದ ನೆಲೆಯಲ್ಲಿಯೇ ಉಳಿದಿವೆ. ಲಿಪಿ, ವ್ಯಾಕರಣ, ಛಂದಸ್ಸುಗಳ ಪ್ರಶ್ನೆಯಾಗಿ ಅದನ್ನು ನೋಡಿದ್ದು ಕಡಿಮೆ. ಪರದೆಯ ಮೇಲಿನ ಬರಹವನ್ನು ಓದಿಹೇಳುವ ತಂತ್ರಾಂಶವು ಹಳಗನ್ನಡ ತರಗತಿಯನ್ನು ಪ್ರವೇಶಿಸಿದಾಗ ಏನಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ತರುಣ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವೂ ಮುಕ್ತವೂ ಆದ ತಂತ್ರಾಂಶ. ಅದರೊಡನೆಯೇ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಇದೆ. ಉಚ್ಚಾರ ಯಾಂತ್ರಿಕವೆನಿಸಿದರೂ ಕೆಲವು ದಿನಗಳ ಅಭ್ಯಾಸದಿಂದ ಕಿವಿ ಹೊಂದಿಕೊಳ್ಳುತ್ತದೆ. ಸಾಧನ ದುಬಾರಿ ಎಂಬ ಮಾತು ಇಲ್ಲಿ ಸಲ್ಲದು. ತೊಡಕು ಬರುವುದು ನಾವು ಒದಗಿಸುವ ಪಠ್ಯದ ಕಡೆಯಿಂದ.

ನಾನು ಎಂ.ಎ. ಓದುತ್ತಿದ್ದಾಗ ದೃಷ್ಟಿಹೀನ ಸಹಪಾಠಿಯೊಬ್ಬರಿಗೆ ವಿಭಾಗದಿಂದ ಟಿಪ್ಪಣಿಗಳ ಕಡತವನ್ನು ಕೊಡಲಾಯಿತು. ಅವರ ಗಣಕ ಅದನ್ನು ಓದತೊಡಗಿದಾಗ ಕೇಳಿಬಂದದ್ದು 'ಪಿ', 'ಪೌಂಡ್', 'ಕ್ಯೂ' ಎಂಬಂತಹ ಸದ್ದುಗಳು. ಕಾರಣ ಸರಳ. ನುಡಿಯ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿವೆ. ಕಣ್ಣಿಗೆ 'ಕನ್ನಡ' ಎಂದು ಕಂಡರೂ ಕಡತದೊಳಗೆ ಇರುವುದು ಕಕಾರಕ್ಕೆ ಇಂಗ್ಲಿಷಿನ ಪಿ, ನಕಾರಕ್ಕೆ ಪೌಂಡ್ ಚಿಹ್ನೆ, ಡಕಾರಕ್ಕೆ ಕ್ಯೂ. ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೂ ಆ ಟಿಪ್ಪಣಿಗಳು ಯೂನಿಕೋಡ್‌ಗೆ ಬರಲಿಲ್ಲ. ಸಹಪಾಠಿ ಸೆಮಿಸ್ಟರ್ ಪೂರ್ತಿ ಇನ್ನೊಬ್ಬರಿಂದ ಓದಿಸಿಕೊಂಡೇ ಪರೀಕ್ಷೆ ಬರೆದರು. ಸ್ಕ್ಯಾನ್ ಮಾಡಿದ ಪುಟಗಳ ಪಾಡು ಇದಕ್ಕಿಂತ ಭಿನ್ನವಲ್ಲ. ಅವು ಚಿತ್ರಗಳಾದುದರಿಂದ ತಂತ್ರಾಂಶ ಮೌನ ವಹಿಸುತ್ತದೆ.

ಹಾಗಾದರೆ ಯೂನಿಕೋಡ್‌ಗೆ ಪರಿವರ್ತಿಸಿದರೆ ಸಾಕೇ? ಹೊಸಗನ್ನಡ ಗದ್ಯಕ್ಕೆ ಬಹುಮಟ್ಟಿಗೆ ಸಾಕು, ಹಳಗನ್ನಡಕ್ಕೆ ಸಾಲದು. 'ಬಾೞ್' ಎಂದರೆ ಜೀವಿಸು, 'ಬಾಳ್' ಎಂದರೆ ಕತ್ತಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ಈ ಭೇದಗಳು ಇಂದಿನ ಉಚ್ಚಾರಣೆಯಲ್ಲಿ ಉಳಿದಿಲ್ಲ. ತರಗತಿಯಲ್ಲಿ ಗಟ್ಟಿಯಾಗಿ ಓದುವ ಅಧ್ಯಾಪಕರೂ ಇವನ್ನು ಒಂದೇ ಬಗೆಯಲ್ಲಿ ಉಚ್ಚರಿಸುತ್ತಾರೆ. ದೃಷ್ಟಿಯುಳ್ಳ ವಿದ್ಯಾರ್ಥಿ ಪುಟವನ್ನು ನೋಡಿ ವ್ಯತ್ಯಾಸವನ್ನು ಗ್ರಹಿಸುತ್ತಾನೆ. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಮಾಡುವ ರಳ, ಕುಳ, ಕ್ಷಳಗಳ ವಿವೇಚನೆಯನ್ನು ಕೇವಲ ಕಿವಿಯಿಂದ ಕಲಿಯುವುದು ಹೇಗೆ?

ಇದಕ್ಕೆ ದಾರಿ ತಂತ್ರಾಂಶದಲ್ಲಿಯೇ ಇದೆ. ಎನ್‌ವಿಡಿಎಯ ಡೆಸ್ಕ್‌ಟಾಪ್ ವಿನ್ಯಾಸದಲ್ಲಿ ಸಂಖ್ಯಾಫಲಕದ 2ನೆಯ ಕೀಲಿಯನ್ನು ಬೇಗಬೇಗನೆ ಮೂರು ಬಾರಿ ಒತ್ತಿದರೆ ಆ ಅಕ್ಷರದ ಸಂಕೇತಸಂಖ್ಯೆ ಕೇಳಿಸುತ್ತದೆ. ಳಕಾರಕ್ಕೆ 3251, ೞಕಾರಕ್ಕೆ 3294. ರಕಾರಕ್ಕೆ 3248, ಱಕಾರಕ್ಕೆ 3249. ನಾಲ್ಕು ಸಂಖ್ಯೆಗಳನ್ನು ನೆನಪಿಟ್ಟರೆ ವಿದ್ಯಾರ್ಥಿಯು ಯಾರ ನೆರವೂ ಇಲ್ಲದೆ ಪಾಠವನ್ನು ಪರೀಕ್ಷಿಸಬಲ್ಲ. (ಯೂನಿಕೋಡ್ ಪಟ್ಟಿಯಲ್ಲಿ ೞಕಾರದ ಹೆಸರು ತಪ್ಪಾಗಿ 'ಫ' ಎಂದು ದಾಖಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿಯಷ್ಟೇ ಸೇರಿಸಲಾಗಿದೆ. ರಳದ ದುರದೃಷ್ಟ ಗಣಕಯುಗದಲ್ಲಿಯೂ ಬಿಟ್ಟಿಲ್ಲ!) ಆದರೆ ಸಂಪಾದಕರು ೞವನ್ನು ಳ ಎಂದೇ ಅಚ್ಚುಮಾಡಿಸಿದ್ದರೆ ಈ ಉಪಾಯ ನಿಷ್ಫಲ. ಆದ್ದರಿಂದ ಯಾವ ಆವೃತ್ತಿಯನ್ನು ಗಣಕಕ್ಕೆ ಏರಿಸಬೇಕೆಂಬುದು ಗ್ರಂಥಸಂಪಾದನೆಯ ಪ್ರಶ್ನೆ. ಅದನ್ನು ಬೆರಳಚ್ಚುಗಾರರಿಗೆ ಬಿಡಲಾಗದು.

ಛಂದಸ್ಸಿನ ಪಾಠದಲ್ಲಿ ನನಗೆ ಅನಿರೀಕ್ಷಿತವಾಗಿ ಕಂಡದ್ದು ಬ್ರೈಲ್‌ನ ಅನುಕೂಲ. 1951ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರವನ್ನು ಕೆಳಗೆ ಬರೆಯುವ ಪದ್ಧತಿಯಿಲ್ಲ. ಸ್ವರರಹಿತ ವ್ಯಂಜನದ ಮೊದಲು 4ನೆಯ ಚುಕ್ಕೆ ಬರುತ್ತದೆ. 'ಸತ್ಯ' ಎಂಬಲ್ಲಿ ಸಕಾರವಾದೊಡನೆ ಬೆರಳಿಗೆ ತಾಗುವುದು ಆ ಚುಕ್ಕೆ. ಹಿಂದಿನ ಅಕ್ಷರ ಗುರು ಎಂಬ ಸೂಚನೆ ಸಂಯುಕ್ತಾಕ್ಷರ ಕೈಗೆ ಸಿಗುವ ಮುನ್ನವೇ ಸಿಕ್ಕಿರುತ್ತದೆ. ಅಚ್ಚಿನ ಪುಟದಲ್ಲಾದರೋ ಕಣ್ಣು ಒತ್ತಿಗೆ ಇಳಿದು ಹಿಂದಕ್ಕೆ ಮರಳಬೇಕು. ಶಿಥಿಲದ್ವಿತ್ವವಿದ್ದಲ್ಲಿ ಮಾತ್ರ ಚುಕ್ಕೆ ದಾರಿತಪ್ಪಿಸಬಹುದು. ಆ ಮಟ್ಟಿಗೆ ಎಲ್ಲ ವಿದ್ಯಾರ್ಥಿಗಳ ಕಷ್ಟವೂ ಒಂದೇ.

ಗಣಕಕ್ಕೆ ಜೋಡಿಸುವ ಬ್ರೈಲ್ ಪಟ್ಟಿಯಲ್ಲಿ 20 ಅಥವಾ 40 ಮನೆಗಳಿರುವುದು ವಾಡಿಕೆ. ಒಂದು ಅಕ್ಷರಕ್ಕೆ ಎರಡು ಮೂರು ಮನೆಗಳು ಬೇಕಾಗುವುದರಿಂದ 20 ಅಕ್ಷರಗಳ ಮತ್ತೇಭವಿಕ್ರೀಡಿತದ ಪಾದ 20 ಮನೆಗಳ ಪಟ್ಟಿಯಲ್ಲಿ ಹಿಡಿಸದು. ಕಂದಪದ್ಯದ 12 ಮಾತ್ರೆಗಳ ಪಾದಗಳಿಂದ ಆರಂಭಿಸುವುದು ಸೂಕ್ತ. ಲಘು, ಗುರು ಚಿಹ್ನೆಗಳನ್ನು ಸಾಲಿನ ಮೇಲೆ ಗೀಚುವ ಬದಲು ಪಾದದ ಕೆಳಗೆ 'ಲ', 'ಗು' ಎಂದು ಬಿಡಿಸಿ ಬರೆದರೆ ತಂತ್ರಾಂಶ ಅದನ್ನು ತಡೆಯಿಲ್ಲದೆ ಓದುತ್ತದೆ.

ಪಠ್ಯವನ್ನು ಪರಿವರ್ತಿಸಲು ಹಕ್ಕುಸ್ವಾಮ್ಯ ಅಡ್ಡಿಯೆಂಬ ಆತಂಕ ಕೆಲವು ಹಿರಿಯ ಅಧ್ಯಾಪಕರಲ್ಲಿದೆ. ಅಂಗವಿಕಲರ ಬಳಕೆಗಾಗಿ ಕೃತಿಯನ್ನು ಅವರಿಗೆ ಎಟಕುವ ರೂಪಕ್ಕೆ ತರಲು, ಲಾಭದ ಉದ್ದೇಶವಿರಬಾರದು ಎಂಬಂತಹ ಷರತ್ತುಗಳಿಗೆ ಒಳಪಟ್ಟು, 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಉಳಿಯುವುದು ಕರಡು ತಿದ್ದುವ ಕೆಲಸ. ಪರಿವರ್ತಕದಿಂದಲೋ ಓಸಿಆರ್‌ನಿಂದಲೋ ಬಂದ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವೊತ್ತು, ೞ, ಱಗಳನ್ನು ಮೂಲದೊಡನೆ ಹೋಲಿಸಿ ನೋಡಲೇಬೇಕು. ಎಂ.ಎ. ಗ್ರಂಥಸಂಪಾದನೆ ಪತ್ರಿಕೆಯ ಅಭ್ಯಾಸಕಾರ್ಯವಾಗಿ ಪ್ರತಿ ವಿದ್ಯಾರ್ಥಿಗೆ ಹತ್ತು ಪದ್ಯಗಳಂತೆ ಇದನ್ನು ಹಂಚಿದರೆ ಒಂದು ಆಶ್ವಾಸ ಒಂದು ಸೆಮಿಸ್ಟರಿನಲ್ಲಿ ಸಿದ್ಧವಾದೀತು. ದೃಷ್ಟಿಹೀನ ವಿದ್ಯಾರ್ಥಿಗೂ ಅದರಲ್ಲಿ ಪಾಲಿರಬೇಕು. ಸಂಕೇತಸಂಖ್ಯೆಯನ್ನು ಕೇಳಿ ೞವನ್ನು ಗುರುತಿಸುವ ಕೆಲಸಕ್ಕೆ ಅವರೇ ತಕ್ಕವರು.