ಹಳೇ ಬ್ಯಾರೋಮೀಟರ್: ನಂಬುವ ಮುನ್ನ

ಹಳೇ ಹವಾಮಾನ ಸಾಧನ ಕೂಡಿಡುವುದು ನನ್ನ ಹುಚ್ಚು. ಗಡಿಯಾರದಂಥ ಅನೆರಾಯ್ಡ್ ಬ್ಯಾರೋಮೀಟರಿನಲ್ಲಿ ಪಾದರಸ ಇರೋದಿಲ್ಲ. ಗಾಳಿ ತೆಗೆದ ತೆಳು ಲೋಹದ ಡಬ್ಬಿ ಗಾಳಿಯೊತ್ತಡಕ್ಕೆ ಕುಗ್ಗಿ ಹಿಗ್ಗಿದಂತೆ ಮುಳ್ಳು ತಿರುಗುತ್ತದೆ.

ಇಂಗ್ಲೆಂಡಿನ ಹಳೇ ಬ್ಯಾರೋಮೀಟರುಗಳಲ್ಲಿ 28 ಅಂಗುಲಕ್ಕೆ 'ಬಿರುಗಾಳಿ', 30ಕ್ಕೆ 'ಒಳ್ಳೇ ಹವೆ' ಎಂದು ಬರೆದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದಂಗುಲ ಇಳಿಯುತ್ತದೆ. ಹಾಗಾಗಿ 2000 ಅಡಿ ಎತ್ತರದ ನಮ್ಮ ಬಯಲುಸೀಮೆಯಲ್ಲಿ ಸುಡುಬಿಸಿಲಲ್ಲೂ ಅದು 'ಬಿರುಗಾಳಿ' ಅಂತಲೇ ತೋರಿಸೀತು! ಹಿಂಬದಿಯ ತಿರುಪಿನಿಂದ ಸರಿಮಾಡಬಹುದು.

ಆಮೇಲೂ ಒಂದು ಮಾತು. ನಮ್ಮ ಕಡೆ ದಿನಾ ಬೆಳಿಗ್ಗೆ 10ರಿಂದ ಸಂಜೆ 4ರ ತನಕ ಒತ್ತಡ ತಾನಾಗಿ ಇಳಿಯುತ್ತದೆ. ಅದು ಮಳೆಯ ಸೂಚನೆ ಅಲ್ಲ. ನಿನ್ನೆ ಇದೇ ಹೊತ್ತಿನ ಅಂಕಿಗೆ ಹೋಲಿಸಿ ನೋಡಿ. ಮುಳ್ಳು ಇಳಿಯಿತೆಂದು ಬೀಜ ಚೆಲ್ಲಬೇಡಿ. ಮಣ್ಣಿನ ಹದ ನೋಡಿ ಕೂರಿಗೆ ಹೂಡಿ.