ಕಾದಿರುವ ಕಾಲ: ಯೆರೆಮೀಯನ ಪತ್ರದಿಂದ ಒಂದು ಪಾಠ



ನಮ್ಮ ಕನ್ನಡದಲ್ಲಿ ‘ಕಾಯುವುದು’ ಎಂಬ ಮಾತಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳುಂಟು. ಒಲೆಯ ಮೇಲಿನ ನೀರು ಕಾಯುತ್ತದೆ. ಬೇಸಾಯಗಾರನು ಅಟ್ಟಣೆಯ ಮೇಲೆ ಕುಳಿತು ಹೊಲವನ್ನು ಕಾಯುತ್ತಾನೆ. ತಾಯಿಯು ಸಂಜೆಯ ಹೊತ್ತು ಬಾಗಿಲಲ್ಲಿ ನಿಂತು ಮಗಳಿಗಾಗಿ ಕಾಯುತ್ತಾಳೆ. ವ್ಯಾಕರಣದ ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯರು ನಗುವುದುಂಟು. ಆದರೆ ಸತ್ಯವೇದದಲ್ಲಿ ಕರ್ತನಿಗಾಗಿ ಕಾದವರ ಚರಿತ್ರೆಗಳನ್ನು ಓದಿದರೆ, ಅಲ್ಲಿ ಬೇಯುವುದೂ ಇದೆ, ಕಾವಲಿರುವುದೂ ಇದೆ, ದಾರಿ ನೋಡುವುದೂ ಇದೆ. ಇಬ್ರಿಯ ಭಾಷೆಯಲ್ಲಿಯೂ ಇಂಥದೊಂದು ಸ್ವಾರಸ್ಯವಿದೆ. ಆ ಭಾಷೆಯಲ್ಲಿ ನಿರೀಕ್ಷೆಗೆ ‘ತಿಕ್ವಾ’ ಎನ್ನುತ್ತಾರೆ. ಯೆರಿಕೋ ಪಟ್ಟಣದ ರಾಹಾಬಳು ತನ್ನ ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೂ ಯೆಹೋಶುವನ ಪುಸ್ತಕದಲ್ಲಿ ಅದೇ ಶಬ್ದವಿದೆ.

ಈ ವಿಷಯವನ್ನು ಈ ಸಂಚಿಕೆಗೆ ಆರಿಸಿಕೊಂಡುದಕ್ಕೆ ಕಾರಣವಿಲ್ಲದಿಲ್ಲ. ಶಾಲೆಯನ್ನು ಬಿಟ್ಟುಹೋದ ಮಕ್ಕಳು ನಮಗೆ ಬರೆಯುವ ಪತ್ರಗಳಲ್ಲಿ ಬಹುಪಾಲು ಕಾದಿರುವವರ ಪತ್ರಗಳೇ. ಒಬ್ಬಳಿಗೆ ಶಿಕ್ಷಕಿಯ ಕೆಲಸ ಸಿಕ್ಕಿಲ್ಲ. ಇನ್ನೊಬ್ಬಳಿಗೆ ವಿವಾಹದ ಮಾತು ಬಂದು ಬಂದು ಮುರಿದುಹೋಗುತ್ತಿದೆ. ಮದುವೆಯಾಗಿ ಬಹುಕಾಲವಾದರೂ ಮಡಿಲು ತುಂಬಲಿಲ್ಲವೆಂದು ಬರೆದವಳು, ಆ ಪತ್ರದ ಕೊನೆಯಲ್ಲಿ, ದೇವರು ತನ್ನ ಹೆಸರನ್ನೇ ಮರೆತನೋ ಏನೋ ಎಂದು ಕೇಳಿದ್ದಳು. ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವವರನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಹೀಗೆ ನಂಬದಿರುವುದನ್ನು ನಮಗೆ ಕಲಿಸಿದವನು ಪ್ರವಾದಿಯಾದ ಯೆರೆಮೀಯನು.

ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು, ಯೆಹೂದದ ಅರಸನಾದ ಯೆಕೊನ್ಯನನ್ನೂ ರಾಜಮಾತೆಯನ್ನೂ ಕಮ್ಮಾರರು ಬಡಗಿಗಳು ಮೊದಲಾದ ಕಸಬುದಾರರನ್ನೂ ಸೆರೆಯೊಯ್ದನು. ಸೆರೆಹೋದವರಿಗೆ ಇದ್ದ ಪ್ರಶ್ನೆ ಒಂದೇ: ಹಿಂದಿರುಗುವುದು ಯಾವಾಗ? ಆಗ ಹನನ್ಯನೆಂಬ ಪ್ರವಾದಿಯು ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಇನ್ನೆರಡು ವರ್ಷಗಳೊಳಗಾಗಿ ಎಲ್ಲರೂ ಹಿಂದಿರುಗುವರೆಂದು ಸಾರಿದನು. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿದೂ ಹಾಕಿದನು. ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಹನನ್ಯನ ಮಾತನ್ನು ಕೇಳಿ ಯೆರೆಮೀಯನು ಮೊದಲು ಹೇಳಿದ ಮಾತು ‘ಆಮೆನ್’ ಎಂಬುದು! ಹಾಗೆಯೇ ಆಗಲಿ ಎಂದು ಅವನಿಗೂ ಆಸೆಯಿತ್ತು. ಜನರ ದುಃಖವು ನೀಳವಾಗಲೆಂದು ಬಯಸುವ ಕಠಿಣ ಹೃದಯ ಅವನದಲ್ಲ. ಆದರೆ ತನ್ನ ಆಸೆಯನ್ನೇ ದೇವರ ಮಾತೆಂದು ಹೇಳಲು ಅವನು ಒಪ್ಪಲಿಲ್ಲ.

ಬಳಿಕ ಅವನು ಬಾಬೆಲಿನಲ್ಲಿದ್ದವರಿಗೆ ಒಂದು ಪತ್ರವನ್ನು ಬರೆದು ಅರಸನ ದೂತರ ಕೈಯಲ್ಲಿ ಕಳುಹಿಸಿದನು. ಅದು ಅವನ ಗ್ರಂಥದ 29ನೆಯ ಅಧ್ಯಾಯದಲ್ಲಿದೆ. ಆ ಅಧ್ಯಾಯದ 11ನೆಯ ವಚನವು ನಮ್ಮ ಅನೇಕ ಮನೆಗಳ ಗೋಡೆಯ ಮೇಲೆ ಚೌಕಟ್ಟಿನೊಳಗೆ ಇರುತ್ತದೆ. ದೇವರು ತನ್ನ ಜನರಿಗಾಗಿ ಹಿತವನ್ನೇ ಯೋಚಿಸಿದ್ದಾನೆಂಬ ವಾಗ್ದಾನವದು. ಅದರ ಹಿಂದಿನ ವಚನವನ್ನು ಮಾತ್ರ ನಾವು ಯಾವ ಗೋಡೆಯ ಮೇಲೂ ಕಂಡಿಲ್ಲ. ಅಲ್ಲಿರುವುದು 70 ವರ್ಷಗಳೆಂಬ ಲೆಕ್ಕ. ಪತ್ರವನ್ನು ಓದಿಸಿ ಕೇಳಿದ ಗಂಡಸರೂ ಹೆಂಗಸರೂ ತಮ್ಮ ವಯಸ್ಸಿಗೆ ಆ ಎಪ್ಪತ್ತನ್ನು ಕೂಡಿಸಿ ನೋಡಿಕೊಂಡಿರಲಾರರೇ? ತಮ್ಮಲ್ಲಿ ಹೆಚ್ಚಿನವರು ಪರದೇಶದಲ್ಲಿಯೇ ಸಾಯುವರೆಂದು ತಿಳಿಸುವ ಪತ್ರವನ್ನು ಪ್ರೋತ್ಸಾಹದ ಪತ್ರವೆಂದು ಕರೆಯುವುದು ಹೇಗೆ?

ಉತ್ತರವು ಆ ಪತ್ರದ ಮೊದಲ ಭಾಗದಲ್ಲಿದೆ. ಮನೆಗಳನ್ನು ಕಟ್ಟಿಕೊಂಡು ವಾಸಿಸಿರಿ, ತೋಟಗಳನ್ನು ಮಾಡಿ ಅದರ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಎರಡೇ ವರ್ಷವೆಂದು ನಂಬಿದವನು ಗುಡಾರದಲ್ಲಿರುವನೇ ಹೊರತು ತೆಂಗಿನ ಸಸಿಯನ್ನು ನೆಡಲಾರನು. ಹನನ್ಯನ ಸುಳ್ಳಿನಿಂದಾಗುವ ನಿಜವಾದ ಕೇಡು ಇದೇ: ಕೈಯಲ್ಲಿರುವ ದಿನಗಳನ್ನು ಅದು ದಿನಗಳೆಂದೇ ಎಣಿಸಗೊಡುವುದಿಲ್ಲ.

ಇಲ್ಲಿ ಪೋಷಕರಿಗೆ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಓದನ್ನು ಮುಗಿಸಿದ ಮಗಳನ್ನು, ‘ಹೇಗೂ ಮದುವೆಯಾಗುವವಳು, ಅಲ್ಲಿಯ ತನಕ ಮನೆಯಲ್ಲಿರಲಿ’ ಎಂದು ಕೂರಿಸಿಕೊಳ್ಳುವ ಮನೆಗಳು ಇನ್ನೂ ಇವೆ. ವರ್ಷ ಒಂದಾಗುತ್ತದೆ, ಮೂರಾಗುತ್ತದೆ. ಪುಸ್ತಕ ಮುಟ್ಟಿದರೆ ಕಣ್ಣು ಕೆಡುವುದೆನ್ನುತ್ತಾರೆ. ಭಾನುವಾರ ಶಾಲೆಯಲ್ಲಿ ಪಾಠ ಹೇಳಹೊರಟರೆ, ನಾಳೆ ಯಾರೋ ನೋಡಲು ಬರುವರೆನ್ನುತ್ತಾರೆ. ತಂದೆತಾಯಿಗಳ ಚಿಂತೆಯನ್ನು ನಾವು ಅರಿಯದವರಲ್ಲ. ಆದರೂ ಆ ವರ್ಷಗಳು ಆ ಹುಡುಗಿಯ ಆಯುಷ್ಯವೇ ಅಲ್ಲವೇ? ಅವಳಿಗೆ ಒಂದು ತೋಟವಾದರೂ ಬೇಡವೇ?

ಯೆರೆಮೀಯನು ಬೇರೆಯವರಿಗೆ ಹೇಳಿ ತಾನು ಸುಮ್ಮನಿದ್ದವನಲ್ಲ. ಪಟ್ಟಣಕ್ಕೆ ಮುತ್ತಿಗೆ ಬಿದ್ದು ತಾನೇ ಕಾರಾಗೃಹದ ಅಂಗಳದಲ್ಲಿ ಬಂದಿಯಾಗಿದ್ದಾಗ, ಅನಾತೋತಿನಲ್ಲಿದ್ದ ಹೊಲವೊಂದನ್ನು 17 ಶೇಕೆಲ್ ತೂಕದ ಬೆಳ್ಳಿಗೆ ಕೊಂಡನು. ಶತ್ರುಗಳ ಕೈಸೇರುತ್ತಿದ್ದ ಹೊಲವದು. ಸಾಕ್ಷಿಗಳ ಮುಂದೆ ಬೆಳ್ಳಿಯನ್ನು ತೂಗಿ, ಕ್ರಯಪತ್ರಗಳನ್ನು ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಎಲ್ಲವನ್ನೂ ಮಾಡಿ ಮುಗಿಸಿದ ಮೇಲೆಯೇ ಅವನು ದೇವರ ಮುಂದೆ ತನ್ನ ಗಲಿಬಿಲಿಯನ್ನು ತೋಡಿಕೊಂಡದ್ದು. ಮನಸ್ಸು ತಿಳಿಯಾಗುವ ತನಕ ವಿಧೇಯತೆಯನ್ನು ಮುಂದಕ್ಕೆ ಹಾಕುವವರು ಈ 32ನೆಯ ಅಧ್ಯಾಯವನ್ನು ಓದಬೇಕು.

42ನೆಯ ಅಧ್ಯಾಯದಲ್ಲಿಯೂ ಒಂದು ಸಣ್ಣ ವಿವರವುಂಟು. ಓದುವಾಗ ಸುಲಭವಾಗಿ ಕಣ್ತಪ್ಪಿಹೋಗುತ್ತದೆ. ಪಟ್ಟಣವು ಹಾಳಾದ ಬಳಿಕ ಉಳಿದ ಜನರು ಭಯಪಟ್ಟು ಐಗುಪ್ತಕ್ಕೆ ಓಡಿಹೋಗಲು ಸಿದ್ಧರಾಗಿ, ದೇವರ ಚಿತ್ತವೇನೆಂದು ವಿಚಾರಿಸಬೇಕೆಂದು ಅವನನ್ನು ಬೇಡಿಕೊಂಡರು. ಉತ್ತರ ಬಂದದ್ದು ಹತ್ತು ದಿವಸಗಳ ಮೇಲೆ. ಪ್ರಾಣಭಯದಲ್ಲಿದ್ದವರ ನಡುವೆ ಹತ್ತು ದಿವಸ! ಆ ವೃದ್ಧ ಪ್ರವಾದಿಗೆ ದೇಶದಲ್ಲಿಯೇ ನಿಲ್ಲುವುದು ಒಳಿತೆಂಬ ಅಭಿಪ್ರಾಯ ಮೊದಲೇ ಇದ್ದೀತು. ಆದರೂ ಅವನು ಉತ್ತರವನ್ನು ತಾನೇ ಹುಟ್ಟಿಸಲಿಲ್ಲ.

ಪುರಾತನರ ಮಾತು ಪುರಾತನರಿಗೇ ಸರಿ ಎನ್ನುವವರಿಗೆ ಪಂಡಿತಾ ರಮಾಬಾಯಿಯವರ ಜೀವಿತವನ್ನು ತೋರಿಸುತ್ತೇವೆ. ಅವರು 1858ರಲ್ಲಿ ನಮ್ಮ ಪಶ್ಚಿಮ ಘಟ್ಟಗಳ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದವರು. ತಾಯಿಯಿಂದ ಸಂಸ್ಕೃತವನ್ನು ಕಲಿತವರು. ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡರು. 1882ರಲ್ಲಿ, ವಿವಾಹವಾಗಿ ಎರಡು ವರ್ಷ ತುಂಬುವ ಮೊದಲೇ, ಕೈಗೂಸಿನೊಡನೆ ವಿಧವೆಯಾದರು. ಮರುವರ್ಷ ವೈದ್ಯವಿದ್ಯೆಯ ಆಸೆಯಿಂದ ಇಂಗ್ಲೆಂಡಿಗೆ ಹೋದರೆ, ಕಿವಿಯ ಮಂದತೆಯಿಂದ ಆ ಬಾಗಿಲೂ ಮುಚ್ಚಿಹೋಯಿತು. ಅದೇ 1883ರಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು.

ನಮ್ಮ ಪಾಠಕ್ಕೆ ಬೇಕಾದುದು ಅದರ ಮುಂದಿನ ಸಂಗತಿ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾದ ಮೇಲೆ, ತಮಗೆ ಕ್ರೈಸ್ತಮತವು ದೊರೆತಿದೆ, ಕ್ರಿಸ್ತನು ಇನ್ನೂ ದೊರೆತಿಲ್ಲವೆಂದು ಅವರಿಗೆ ಅರಿವಾಯಿತು. ಇದನ್ನು ಅವರೇ 1907ರಲ್ಲಿ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಆ ಎಂಟು ವರ್ಷಗಳಲ್ಲಿ ಅವರು ಸುಮ್ಮನೆ ಕುಳಿತಿರಲಿಲ್ಲ. ಸಂಸ್ಕೃತವನ್ನು ಕಲಿಸಿದರು, ಅಮೇರಿಕಕ್ಕೆ ಹೋಗಿ ಬಂದರು, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು ವಿಧವೆಯರಿಗೆ ವಿದ್ಯೆಯನ್ನು ಕೊಟ್ಟರು. ಒಳಗೆ ಬರಿದಾಗಿದೆ ಎಂದೆನಿಸುವ ಕಾಲದಲ್ಲಿಯೂ ನೆಟ್ಟ ತೋಟವು ಫಲಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದೆಂದು, ಆದುದರಿಂದ ತಾನು ಕ್ರೈಸ್ತಳೇ ಅಲ್ಲವೇನೋ ಎಂದು ಹೆದರಿ ನಮ್ಮಲ್ಲಿಗೆ ಬರುವ ಹುಡುಗಿಯರಿಗೆ ನಾವು ಈ ಎಂಟು ವರ್ಷಗಳ ಕಥೆಯನ್ನೇ ಹೇಳುತ್ತೇವೆ.

ಮುಂದೆ ಅವರು ಕೇಡಗಾಂವದ ಮುಕ್ತಿ ಸದನದಲ್ಲಿದ್ದುಕೊಂಡು, ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಲು ತೊಡಗಿದರು. ಈ ಕೆಲಸಕ್ಕೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದು ಮುಗಿಯುವ ಮೊದಲೇ, 1921ರಲ್ಲಿ, ಅವರ ಒಬ್ಬಳೇ ಮಗಳಾದ ಮನೋರಮಾಬಾಯಿ ತೀರಿಕೊಂಡರು. ಇಂದಿನ ಕಲಬುರಗಿಯಲ್ಲಿ ಶಾಲೆಯ ಕೆಲಸವನ್ನು ನಡೆಸಿದ್ದವರು ಅವರು. ರಮಾಬಾಯಿಯವರು 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಪೂರ್ಣ ಗ್ರಂಥವು ಅಚ್ಚಾಗಿ ಬಂದದ್ದು 1924ರಲ್ಲಿ. ಅದರ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಆ ಸದನದ ಸ್ತ್ರೀಯರು. ಬರಗಾಲದಿಂದ ಬದುಕಿ ಆ ಸದನವನ್ನು ಸೇರಿ, ಅಕ್ಷರಗಳನ್ನು ಅಲ್ಲಿಯೇ ಕಲಿತವರೂ ಅವರಲ್ಲಿದ್ದರು.