ರಾತ್ರಿ ರುಬ್ಬಿದ ಹಿಟ್ಟು ಬೆಳಿಗ್ಗೆ ಉಬ್ಬುವುದೇಕೆ?

(ಮನೆಯಲ್ಲಿರುವ ಪುಟ್ಟ ತಮ್ಮ ತಂಗಿಯರಿಗೆ ಓದಿ ಹೇಳಲು)

ಪುಟಾಣಿಗಳೇ, ರಾತ್ರಿ ಅಮ್ಮ ಇಡ್ಲಿ ಹಿಟ್ಟು ರುಬ್ಬಿ ಮುಚ್ಚಿಡುತ್ತಾರೆ. ಆಗ ಅರ್ಧ ಪಾತ್ರೆ ಇದ್ದದ್ದು ಬೆಳಿಗ್ಗೆ ಪಾತ್ರೆಯ ಬಾಯಿವರೆಗೆ ಬಂದಿರುತ್ತದೆ. ಯಾರೂ ಹಿಟ್ಟು ಸೇರಿಸಿಲ್ಲ. ಹಾಗಾದರೆ ಹೆಚ್ಚಾದದ್ದು ಏನು? ಇಂಗಾಲದ ಡೈಆಕ್ಸೈಡ್ ಎಂಬ ಅನಿಲ. ಸೋಡಾ ಬಾಟಲಿ ತೆರೆದಾಗ ಬುಸ್ ಎಂದು ಹೊರಗೆ ಬರುವುದೂ ಇದೇ.

ಈ ಅನಿಲ ತಯಾರಿಸುವವರು ಕಣ್ಣಿಗೆ ಕಾಣದ ಜೀವಿಗಳು. ಅಕ್ಕಿ ಮತ್ತು ಉದ್ದಿನ ಕಾಳಿನ ಮೇಲೆಯೇ ಅವು ಇರುತ್ತವೆ. ಕಾಳು ಒಣಗಿರುವವರೆಗೆ ಸುಮ್ಮನಿರುತ್ತವೆ. ನೀರು, ತಿನ್ನಲು ಸಕ್ಕರೆಯ ಅಂಶ ಮತ್ತು ಸ್ವಲ್ಪ ಬಿಸಿ ಸಿಕ್ಕಿದರೆ ಕೆಲಸ ಶುರು ಮಾಡುತ್ತವೆ. ಇಡ್ಲಿ ಹಿಟ್ಟಿನಲ್ಲಿ ಮುಖ್ಯವಾಗಿ ದುಡಿಯುವ ಬ್ಯಾಕ್ಟೀರಿಯಾದ ಹೆಸರು ಲ್ಯೂಕೊನಾಸ್ಟಾಕ್. ಅದು ಸಕ್ಕರೆ ತಿಂದು ಆಮ್ಲವನ್ನೂ ಅನಿಲವನ್ನೂ ಬಿಡುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು.

ಇಷ್ಟು ಚಿಕ್ಕ ಜೀವಿಗೆ ಅಷ್ಟು ಹಿಟ್ಟು ಉಬ್ಬಿಸಲು ಆಗುತ್ತದೆಯೇ? ಇಲ್ಲಿ ನಮ್ಮ ಕಾಮರ್ಸ್ ಲೆಕ್ಕ ಸಹಾಯಕ್ಕೆ ಬರುತ್ತದೆ. ಒಂದು ಬ್ಯಾಕ್ಟೀರಿಯಾ ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಗಂಟೆಗೊಮ್ಮೆ ದುಪ್ಪಟ್ಟಾಗುತ್ತದೆ ಎಂದು ಇಟ್ಟುಕೊಂಡರೂ 10 ಗಂಟೆಯಲ್ಲಿ ಒಂದೇ ಒಂದು 1,024 ಆಗುತ್ತದೆ. ಚಕ್ರಬಡ್ಡಿಯೂ ಬೆಳೆಯುವುದು ಹೀಗೆಯೇ. ಮೊದಲು ನಿಧಾನ, ಆಮೇಲೆ ಭರದಿಂದ.

ನಮ್ಮ ಕುಂದಾಪುರದ ಕಡೆಯ ನೀರುದೋಸೆ ಮಾತ್ರ ಉಬ್ಬುವುದಿಲ್ಲ. ಅದಕ್ಕೆ ಅಕ್ಕಿ ರುಬ್ಬಿ, ನೀರು ಸೇರಿಸಿ, ಕೂಡಲೇ ಹೊಯ್ಯುತ್ತಾರೆ. ಜೀವಿಗಳಿಗೆ ಸಮಯವೂ ಇಲ್ಲ, ಗುಳ್ಳೆ ಹಿಡಿದಿಡಲು ಉದ್ದಿನ ಲೋಳೆಯೂ ಇಲ್ಲ. ಹಲಸಿನ ಎಲೆಯ ಕೊಟ್ಟೆ ಕಡುಬಿಗೆ ಉದ್ದು ಹಾಕುತ್ತಾರೆ. ಆದ್ದರಿಂದ ಅದು ಮೆತ್ತಗೆ ಉಬ್ಬುತ್ತದೆ.

ಮೊಸರಿನಲ್ಲಿಯೂ ಇಂಥದೇ ಕೆಲಸ. ಹೆಪ್ಪು ಹಾಕುವುದೆಂದರೆ ಹಾಲಿಗೆ ಬ್ಯಾಕ್ಟೀರಿಯಾ ಸೇರಿಸುವುದು. ಅವು ಹಾಲಿನ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಹಾಲು ಗಟ್ಟಿಯಾಗುತ್ತದೆ. ಹಾಲು ಕುದಿಯುವಾಗ ಹೆಪ್ಪು ಹಾಕಿದರೆ ಅವು ಸತ್ತು ಹೋಗುತ್ತವೆ. ಹಾಲು ಹುಳಿಯಾಗುವುದು ಜೀವಿಗಳಿಂದಲೇ ಎಂದು 1857ರಲ್ಲಿ ತಿಳಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್.

ನಾನ್, ಬ್ರೆಡ್ ಉಬ್ಬಿಸುವುದು ಯೀಸ್ಟ್. ಅದು ಬ್ಯಾಕ್ಟೀರಿಯಾ ಅಲ್ಲ, ಅಣಬೆಯ ಬಳಗಕ್ಕೆ ಸೇರಿದ್ದು. ನಮ್ಮ ಮನೆಯ ಉರ್ದುವಿನಲ್ಲಿ ಹಿಟ್ಟು ಹುಳಿಸುವ ಇದಕ್ಕೆ 'ಖಮೀರ್' ಎನ್ನುತ್ತೇವೆ. ಕನ್ನಡದಲ್ಲಿ ಹೆಪ್ಪು, ಹುದುಗು. ಮಾತು ಬೇರೆ, ಕೆಲಸ ಒಂದೇ.

ಈಗ ಒಂದು ಮುಖ್ಯ ಮಾತು. ಹುಳಿಯಾಗುವುದು ಬೇರೆ, ಹಾಳಾಗುವುದು ಬೇರೆ. ಒಳ್ಳೆಯ ಬ್ಯಾಕ್ಟೀರಿಯಾ ಬಿಟ್ಟ ಆಮ್ಲ ಅನೇಕ ಕೆಟ್ಟ ಕ್ರಿಮಿಗಳನ್ನು ಬೆಳೆಯಲು ಬಿಡುವುದಿಲ್ಲ. ಆದ್ದರಿಂದ ಹಿಟ್ಟು ಸ್ವಲ್ಪ ಹುಳಿ ವಾಸನೆ ಬಂತೆಂದು ಚೆಲ್ಲಬೇಡಿ. ಆದರೆ ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ ಬೂಷ್ಟು ಬಂದರೆ, ಕೊಳೆತ ವಾಸನೆ ಬಂದರೆ, ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸಬಾರದು. ಪೂರ್ತಿ ಚೆಲ್ಲಬೇಕು. ಏಕೆಂದರೆ ಬೂಷ್ಟಿನ ಎಳೆಗಳು ಒಳಗೂ ಇಳಿದಿರುತ್ತವೆ, ಅವು ನಮಗೆ ಕಾಣುವುದಿಲ್ಲ. ಎಪ್ರಿಲ್, ಮೇ ತಿಂಗಳ ಸೆಕೆಗೆ ಹಿಟ್ಟು ಬೇಗ ಹುಳಿಯಾಗುತ್ತದೆ. ಮಳೆಗಾಲದ ತಂಪಿನಲ್ಲಿ ನಿಧಾನ. ಹುಳಿ ಬಂದ ಮೇಲೆ ಫ್ರಿಜ್‌ನಲ್ಲಿಟ್ಟರೆ ಜೀವಿಗಳ ಕೆಲಸ ತುಂಬಾ ನಿಧಾನವಾಗುತ್ತದೆ.

ನೀವೇ ಮಾಡಿ ನೋಡಿ: ಅಮ್ಮನನ್ನು ಕೇಳಿ ಎರಡು ಲೋಟಗಳಲ್ಲಿ ಅರ್ಧದಷ್ಟು ಹೊಸ ಇಡ್ಲಿ ಹಿಟ್ಟು ಹಾಕಿ. ಹಿಟ್ಟು ಎಲ್ಲಿವರೆಗೆ ಇದೆಯೆಂದು ಹೊರಗೆ ಪೆನ್ನಿನಿಂದ ಗೆರೆ ಎಳೆಯಿರಿ. ಒಂದನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಅಡುಗೆಮನೆಯಲ್ಲಿ ಮುಚ್ಚಿಡಿ. ಬೆಳಿಗ್ಗೆ ಯಾವುದು ಗೆರೆ ದಾಟಿದೆ? ಏಕೆ? ಉತ್ತರವನ್ನು ನೀವೇ ಮನೆಯವರಿಗೆ ವಿವರಿಸಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ